ಮಾಣಿಕಮ್ಮನ ಈಜು

ಜೋಳದ ರಾಶಿಯ ಮೇಲೆ ಬೋರಲು ಮಲಗಿ ಮಾಣಿಕಮ್ಮ ಈಜುತ್ತಿದ್ದಳು. ಒಂಬತ್ತರ ಹುಡುಗಿ. ಕಣ್ಣು ಮುಚ್ಚಿ, ಕೈ ಬೀಸಿ, ಕಾಲು ಬಡಿದು ಯಾವ ದಂಡೆಗೆ ಹೊರಟಿದ್ದಳೋ! ಕಣದ ತುಂಬ ಎಳೆಬಿಸಿಲು. ಕೆಳಗೆ ಭೀಮಾ ಹೊಳೆ ಇನ್ನೂ ಅರೆನಿದ್ದೆಯಲ್ಲಿತ್ತು. ನಾನು ಮಣ್ಣೂರಿನ ಶಾಲೆಯ ಮಾಸ್ತರ, ಮಾಣಿಕಮ್ಮನ ನೆರೆಮನೆಯವನು. ನೋಡುತ್ತ ನಿಂತು ನಾನೂ ತುಸು ತೇಲಿದೆನೆನ್ನಿ.

"ಏಳ ಬೇ, ಗಂಡಬೀರಿ!" ಅಜ್ಜಿ ಅಂಬುಬಾಯಿ ಕೂಗಿದಳು.

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ನಮ್ಮೂರಿಗೊಂದು ಪದ್ಧತಿಯಿತ್ತು. ಗಂಡುಮಗನಿಗೆ ಆರು ತುಂಬಿದರೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹೊಳೆಗಿಳಿಸಿ ಈಜು ಕಲಿಸುವುದು. ಹೆಣ್ಣುಮಗಳಿಗೆ ಆರು ತುಂಬಿದರೆ ತಲೆಗೆ ಕೊಡ ಏರಿಸಿ ಅದೇ ಹೊಳೆಗೆ ಕಳಿಸುವುದು. ದಿನಕ್ಕೆರಡು ಸಲ ನೀರಿಗಿಳಿಯುವವಳಿಗೆ ಈಜು ಮಾತ್ರ ಬೇಡ. ಎಂಥ ಜಾಣ ಊರು ನೋಡಿ ನಮ್ಮದು!

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಮಾಣಿಕಮ್ಮನ ಅಕ್ಕ ಸಾಬಮ್ಮ ಕೊಡ ತುಂಬುವಾಗ ಕಾಲು ಜಾರಿ ಬಿದ್ದಳು. ತಾಯಿ ಗೌರಾಬಾಯಿ ನಾಲ್ಕು ಮಾರು ದೂರದಲ್ಲಿದ್ದಳು. ಅವಳಿಗೂ ಈಜು ಬಾರದು. ಗಂಡಸರನ್ನು ಕರೆಯುತ್ತ ದಂಡೆಯುದ್ದಕ್ಕೂ ಓಡಿದಳು. ಅವರು ಹೊಲದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರೆಲ್ಲ ಹಣೆಬರಹ ಎಂದಿತು. ನಾನೂ ತಲೆಯಾಡಿಸಿದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಅಂದು ಕಣದಲ್ಲಿ ಬಾಯಿಬಿಟ್ಟೆ. "ಆಯಿ, ಈಕಿಗರೆ ಈಜು ಕಲಸ್ರಿ."

"ತೊಯ್ದ ಪರಕರದಾಗ ಮಂದಿ ಮುಂದ ನಿಂತ ಹುಡಿಗಿನ್ನ ಯಾರ ಸೊಸಿ ಮಾಡ್ಕೋತಾರ, ಮಾಸ್ತರ?"

"ಈಜು ಬರ್ತಿದ್ರ ಸಾಬಮ್ಮ ಇವತ್ತ ಇರ್ತಿದ್ಳ್ರಿ."

ಮುದುಕಿಯ ಧ್ವನಿ ಇಳಿಯಿತು. "ಹೆಣ್ಣು ಹೆಣ್ಣಿನಂಗ ಇರಬೇಕ್ರಿ."

ಜೋಳ ಹಸನು ಮಾಡುತ್ತಿದ್ದ ಗೌರಾಬಾಯಿ ಮೊರ ಕೆಳಗಿಟ್ಟಳು. ಅತ್ತೆಗೆ ಎಂದೂ ಎದುರಾಡಿದವಳಲ್ಲ.

"ಯಾರ ಸೊಸಿ ಆಗದಿದ್ರೂ ನಡೀತದ, ಅತ್ತಿ. ನನ್ನ ಮಗಳು ಜೀವಂತ ಇರ್ಲಿ. ಈಜು ಬರೋತನಕ ಆಕಿ ಹೊಳಿಗಿ ಕೊಡ ಒಯ್ಯಂಗಿಲ್ಲ. ನಾನೂ ಒಯ್ಯಂಗಿಲ್ಲ." ರಾಶಿಯ ಬದಿಗೆ ನಿಂತಿದ್ದ ಗಂಡ ರೇವಣಪ್ಪನತ್ತ ತಿರುಗಿದಳು. "ಕಲಸ್ತೀರೋ, ಇಲ್ಲಾ ನೀರು ನೀವ ತರ್ತೀರೋ?"

ರೇವಣಪ್ಪ ಹಟಕ್ಕೆ ಬಿದ್ದು ತಾನೇ ಕೊಡ ಹೊತ್ತ. ಊರ ಗಂಡಸರು ನಕ್ಕಿದ್ದೇ ನಕ್ಕಿದ್ದು. ಎರಡನೆಯ ದಿನ, ಸಾಬಮ್ಮ ಜಾರಿದ ಕಲ್ಲಿನ ಮೇಲೆಯೇ ಅವನ ಕಾಲೂ ಜಾರಿತು. ಮಡುವಿಗೆ ಬಿದ್ದವನು ನಾಲ್ಕು ಸಲ ಕೈ ಬೀಸಿ ದಂಡೆಗೆ ಬಂದ. ನಾಲ್ಕೇ ಸಲ. ಬಂದವನು ಮಂಡಿಯಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಅತ್ತ.

ಮರುದಿನ ಮುಂಜಾನೆ ಮಾಣಿಕಮ್ಮನ ಬೆನ್ನಿಗೆ ಬುರುಡೆ ಕಟ್ಟಿ ಅವನೇ ನೀರಿಗಿಳಿಸಿದ. ಹೊಳೆಯ ಮೇಲೆ ತೆಳುವಾಗಿ ಮಂಜು ಹಬ್ಬಿತ್ತು. ಆಚೆ ದಂಡೆ ಇದೆಯೋ ಇಲ್ಲವೋ ಎಂಬಂತಿತ್ತು. ದಂಡೆಯಲ್ಲಿ ಗೌರಾಬಾಯಿ ನಿಂತಿದ್ದಳು. ಬೈಯುತ್ತಲೇ ಬಂದ ಅಂಬುಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅಪ್ಪಾ, ಕೈ ಬಿಡು" ಎಂದಳು ಹುಡುಗಿ.

ಅವನು ಬಿಡಲಿಲ್ಲ.

"ಬಿಡಪ್ಪಾ. ನಾ ಹೋಗ್ತೇನಿ."

ಬಿಟ್ಟ. ನೀರು ಬಡಿದ ಸದ್ದು ಕೇಳಿತು.

"ಮುಳುಗಿದ್ಳೇನು?" ಸೆರಗಿನೊಳಗಿಂದ ಮುದುಕಿ ಕೇಳಿದಳು.

"ಸೆರಗ ತೆಗೀರಿ, ಅತ್ತಿ" ಎಂದಳು ಗೌರಾಬಾಯಿ. "ನಿಮ್ಮ ಮೊಮ್ಮಗಳು ಎಲ್ಲಿತನಕ ಹೋಗ್ಯಾಳ, ನೀವ ನೋಡ್ರಿ."