ಸಂಪರ್ಕಕ್ಕೆ ಕೊಟ್ಟ ನಂಬರು

ಅರ್ಜಿಯನ್ನು ಕಳಿಸುವ ಮುಂಚೆ ಓದಿ ನೋಡಲಿಲ್ಲ ಎಂದು ಯಾರೂ ನನ್ನನ್ನು ಆಡಿಕೊಳ್ಳುವ ಹಾಗಿಲ್ಲ. ಕಣ್ಣು ನೋಯುವಷ್ಟು ಸಲ ಓದಿದ್ದೆ. ಹುಟ್ಟಿದ ದಿನ ಸರಿಯಾಗಿತ್ತು, ಓದಿದ್ದು ಸರಿಯಾಗಿತ್ತು, ಎಂದೂ ಇಲ್ಲದ ಹಾಗೆ ಫೋಟೋ ಕೂಡ ಮನುಷ್ಯರ ಫೋಟೋದಂತೆ ಬಂದಿತ್ತು. ಕಳಿಸಿದ ಮೇಲೆ, ಸಂದರ್ಶನದ ದಿನವನ್ನು ಕೆಳಗಿನ ಸಂಖ್ಯೆಗೆ ಕರೆ ಮಾಡಿ ತಿಳಿಸಲಾಗುವುದು ಎಂದು ಪರದೆಯ ಮೇಲೆ ಮೂಡಿತು. ಆ ಕೆಳಗಿನ ಸಂಖ್ಯೆ ನನ್ನದಲ್ಲ. ನನ್ನ ಸೋದರಮಾವನ ಅಂಗಡಿಯದು.

ಮಾವನದು ಕನ್ನಡಕದ ಅಂಗಡಿ. ನಾನು ಅಲ್ಲೇ ಕೆಲಸ ಮಾಡುವವಳು. ಪ್ರತಿ ಕನ್ನಡಕದ ಡಬ್ಬಿಯೊಳಗೆ ಒಂದು ಚೀಟಿ ಇಡಬೇಕು. ಮೇಲೆ ಗಿರಾಕಿಯ ಹೆಸರು, ನಡುವೆ ಕಣ್ಣಿನ ಪವರ್, ಕೊನೆಗೆ ‘ಸಂಪರ್ಕಕ್ಕೆ’ ಎಂದು ಬರೆದು ಅಂಗಡಿಯ ಫೋನ್ ನಂಬರು. ಕಾಲೇಜು ಬಿಟ್ಟಾಗಿನಿಂದ ಇದನ್ನೇ ಗೀಚುತ್ತಾ ಬಂದಿದ್ದೇನೆ. ಅರ್ಜಿಯಲ್ಲೂ ‘ಸಂಪರ್ಕಕ್ಕೆ’ ಎಂದೇ ಇತ್ತು. ನನ್ನ ಕೈ ನನ್ನನ್ನು ಒಂದು ಮಾತೂ ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಅಷ್ಟು ಪರಿಚಯದ ನಂಬರು ತಪ್ಪಾಗಿದ್ದೀತು ಎಂದು ಕಣ್ಣಿಗೂ ಅನ್ನಿಸಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ಹಣೆ ಹಣೆ ಚಚ್ಚಿಕೊಂಡೆ.

ಬೇರೆ ಯಾವ ನಂಬರಾಗಿದ್ದರೂ ಇಷ್ಟು ಕಿರಿಕಿರಿಯಾಗುತ್ತಿರಲಿಲ್ಲ. ಅಂಗಡಿಯ ಫೋನು ಮಾವನ ಮೊಣಕೈ ಪಕ್ಕದಲ್ಲಿರುತ್ತದೆ. ಒಂದು ಸಲ ರಿಂಗಾಯಿತೋ ಇಲ್ಲವೋ, ಮಾವ ಎತ್ತಿಯಾಯಿತು. ನಾನು ಅರ್ಜಿ ಹಾಕಿದ್ದು ಕಣ್ಣಿನ ಆಸ್ಪತ್ರೆಯ ಲೆನ್ಸ್ ವಿಭಾಗಕ್ಕೆ, ಅದು ಮಾವನಿಗೆ ಗೊತ್ತಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಹೇಳಿ ಹೇಳಿ ಸಾಕಾಗಿತ್ತು. ಅಂಗಡಿಯ ಒಳಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜುವ ಯಂತ್ರ ಇದೆ. ಫ್ರೇಮಿನ ಅಳತೆಗೆ ಲೆನ್ಸನ್ನು ಕೂರಿಸುವುದು ಅದರಲ್ಲೇ. ನಾನು ಓದಿದ್ದು ಅದೇ ಕೆಲಸವನ್ನು. ಮಾವ ನನ್ನ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ಮೊಳೆ ಹೊಡೆದರು, ನನ್ನನ್ನು ಮಾತ್ರ ಕೌಂಟರಿನಲ್ಲಿ ಗಾಜು ಒರೆಸಲು ನಿಲ್ಲಿಸಿದರು. ಯಂತ್ರ ಮುಟ್ಟಲೇ ಎಂದು ಕೇಳಿದಾಗಲೆಲ್ಲ, ನೋಡೋಣ ಪುಟ್ಟಿ, ನಿನಗೇನು ಅವಸರ ಎನ್ನುತ್ತಿದ್ದರು. ಈಚೆಗೆ ಅವರ ಕೈ ನಡುಗುತ್ತದೆ. ಲೆನ್ಸು ಕೆಡುತ್ತದೆ. ಕಂಪನಿಯವರು ತಪ್ಪು ಮಾಲು ಕಳಿಸಿದ್ದಾರೆ, ಇನ್ನೊಂದು ವಾರ ಬಿಟ್ಟು ಬನ್ನಿ ಎಂದು ಗಿರಾಕಿಯ ಮುಂದೆ ಹಲ್ಲು ಕಿರಿಯುವ ಕೆಲಸ ನನ್ನದು. ಬೈಸಿಕೊಳ್ಳುವವಳೂ ನಾನೇ.

ಅಮ್ಮನ ಹತ್ತಿರ ಹೇಳಿದರೆ ಗೋಡೆಗೆ ಹೇಳಿದ ಹಾಗೆ. ಅಪ್ಪ ಹೋದ ಮೇಲೆ ನಮ್ಮ ಕೈ ಹಿಡಿದವನು ನನ್ನ ತಮ್ಮ, ಅವನ ಮನಸ್ಸು ನೋಯಿಸಬೇಡ ಎನ್ನುತ್ತಾಳೆ. ನಿಜ, ಕೈ ಹಿಡಿದರು. ಆದರೆ ಹಿಡಿದ ಕೈಯನ್ನು ಬಿಡಬೇಕಲ್ಲ, ಆ ಕೈಯಿಂದ ನಾನೂ ಏನಾದರೂ ಮಾಡಬೇಕಲ್ಲ!

ಮಾರನೆಯ ದಿನ ಊಟದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಿದೆ. ಕಚೇರಿಯ ಕಿಟಕಿಯ ಹಿಂದೆ ಒಬ್ಬ ಗುಮಾಸ್ತರು ಕೂತಿದ್ದರು, ಕನ್ನಡಕ ಮೂಗಿನ ಒಂದು ಕಡೆಗೆ ಜಾರಿತ್ತು. ನಂಬರು ತಪ್ಪಾಗಿದೆ ಎಂದೆ. ಕಳಿಸಿದ ಅರ್ಜಿಯನ್ನು ತಿದ್ದಲು ಬರುವುದಿಲ್ಲ ಎಂದರು. ಹಾಗಾದರೆ ಹೊಸದು ಹಾಕುತ್ತೇನೆ ಎಂದೆ. ಒಬ್ಬರಿಗೆ ಒಂದೇ ಅರ್ಜಿ ಎಂದರು. ಮೊದಲನೆಯದನ್ನು ವಾಪಸು ತೆಗೆದುಕೊಂಡರೆ? ತೆಗೆದುಕೊಳ್ಳಬಹುದಂತೆ, ಆಮೇಲೆ ಈ ಸಲದ ನೇಮಕಕ್ಕೆ ಅರ್ಹರಲ್ಲವಂತೆ. ನಾನು ಇಲ್ಲೇ ನಿಮ್ಮ ಕಣ್ಣ ಮುಂದೆ ನಿಂತಿದ್ದೇನಲ್ಲ ಸರ್, ನನ್ನ ನಂಬರನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ ಎಂದು ಬೇಡಿಕೊಂಡೆ. ಅವರು ಬರೆದುಕೊಂಡರು ಕೂಡ. ಆ ಕಾಗದವನ್ನು ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಸಿಕ್ಕಿಸಲಿಲ್ಲ ಅನ್ನುವುದೊಂದೇ ಸಮಾಧಾನ. ಮೈ ಪರಚಿಕೊಳ್ಳುವಂತಾಯಿತು. ಅವರ ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಡೋಣ ಎಂದು ಕೈ ತುರಿಸುತ್ತಿತ್ತು, ಬೇಕಂತಲೇ ಮಾಡಲಿಲ್ಲ.

ಉಳಿದದ್ದು ಒಂದೇ ದಾರಿ. ಫೋನು ಬಂದರೆ ನಾನೇ ಎತ್ತಬೇಕು.

ಅವತ್ತಿನಿಂದ ಮಾವನಿಗಿಂತ ಮುಂಚೆ ಹೋಗಿ ಅಂಗಡಿಯ ಬಾಗಿಲಲ್ಲಿ ನಿಲ್ಲತೊಡಗಿದೆ. ಧೂಳು ಒರೆಸುವ ನೆಪದಲ್ಲಿ ಫೋನನ್ನು ನನ್ನ ಕಡೆಗೆ ಎಳೆದುಕೊಂಡೆ. ಮಾವ ಕೈ ಚಾಚುವಷ್ಟರಲ್ಲಿ ಹದ್ದಿನಂತೆ ಎರಗುತ್ತಿದ್ದೆ. ಫ್ರೇಮು ಬಂತಾ, ರಿಪೇರಿ ಆಯ್ತಾ, ನಮ್ಮ ಅಜ್ಜಿಯ ಕನ್ನಡಕ ನಿಮ್ಮಲ್ಲೇ ಬಿಟ್ಟುಹೋಗಿದೆಯಾ, ಬರೀ ಇವೇ. ಆಸ್ಪತ್ರೆಯ ಸುದ್ದಿಯೇ ಇಲ್ಲ. ಊಟಕ್ಕೂ ಹೋಗದೆ ಕೌಂಟರಿನಲ್ಲೇ ಬುತ್ತಿ ಬಿಚ್ಚುತ್ತಿದ್ದೆ, ಬಚ್ಚಲಿಗೆ ಹೋದರೆ ಕಿವಿಯನ್ನು ಹೊರಗೇ ಬಿಟ್ಟು ಹೋಗುತ್ತಿದ್ದೆ.

ಇದರಿಂದ ಆದದ್ದೇನು? ಮಾವನಿಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಹುಡುಗಿಗೆ ಕೊನೆಗೂ ಅಂಗಡಿ ತನ್ನದು ಅನ್ನಿಸಿದೆ ಎಂದು ಮನೆಗೆ ಬಂದು ಅಮ್ಮನ ಹತ್ತಿರ ಹೊಗಳಿದರು. ಅಮ್ಮ ಕಣ್ಣು ಒರೆಸಿಕೊಂಡಳು. ಅಲ್ಲೇ ಮಾವ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ನನ್ನ ಅಂಗೈಗೆ ಹಾಕಿದರು, ಇನ್ನು ತೆಗೆಯುವುದು ಹಾಕುವುದು ಎಲ್ಲ ನಿನ್ನದೇ ಎಂದರು. ಯಂತ್ರದ ಮಾತು ಎತ್ತಲಿಲ್ಲ. ನನಗೆ ಸಿಕ್ಕಿದ್ದು ಬೇಗ ಬಂದು ಶಟರು ಎತ್ತುವ ಭಾಗ್ಯ. ನಗಬೇಕೋ ಅಳಬೇಕೋ ಗೊತ್ತಾಗದೆ, ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ.

ಕರೆ ಬಂದದ್ದು ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ. ಮಾವ ನನ್ನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು, ತಮ್ಮದೇ ಕನ್ನಡಕವನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಎತ್ತಿದೆ. ಆ ಕಡೆಯಿಂದ ಹೆಂಗಸಿನ ದನಿ, ಕಣ್ಣಿನ ಆಸ್ಪತ್ರೆಯಿಂದ ಮಾತಾಡುತ್ತಿರುವುದಾಗಿ ಹೇಳಿ, ನನ್ನ ಹೆಸರನ್ನು ಪೂರ್ತಿಯಾಗಿ ಓದಿ, ಅವರು ಇದ್ದಾರೆಯೇ ಎಂದು ಕೇಳಿತು.

ನಾನೇ ಎಂದಿದ್ದರೆ ಸಾಕಿತ್ತು. ಇಷ್ಟು ದಿನ ಕಾದದ್ದು ಆ ಮಾತಿಗೇ. ಆದರೆ ಮಾವ ಮೊಣಕೈ ತಗಲುವಷ್ಟು ಹತ್ತಿರ ಇದ್ದರು. ನಾಲಿಗೆ ಕೈಕೊಟ್ಟಿತು.

“ಅವರು ಈಗ ಇಲ್ಲಿಲ್ಲ” ಎಂದೆ.

ಯಾವ ನಂಬರಿಗೆ ಮಾಡಿದರೆ ಸಿಗುತ್ತಾರೆ ಎಂದು ಕೇಳಿದರು. ದನಿ ತಗ್ಗಿಸಿ ನನ್ನ ಮೊಬೈಲ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದೆ. ತಗ್ಗಿಸಿ ಏನು ಬಂತು? ಎಲ್ಲಿದ್ದೀಯ ಪುಟ್ಟಿ ಎಂದು ಮಾವ ದಿನಾ ಒತ್ತುವ ನಂಬರು ಅದು. ಅರ್ಧ ಹೇಳುವಷ್ಟರಲ್ಲೇ ಅವರ ಕೈಯಲ್ಲಿದ್ದ ಬಟ್ಟೆ ನಿಂತಿತ್ತು.

ಫೋನು ಇಟ್ಟೆ. ಬೈಗುಳಕ್ಕೆ ಸಿದ್ಧಳಾಗಿದ್ದೆ, ತಿರುಗಿಸಿ ಕೊಡುವುದಕ್ಕೂ ಸಿದ್ಧಳಾಗಿದ್ದೆ. ಮಾವ ಬರಿಗಣ್ಣಿನಲ್ಲಿ ನನ್ನ ಕಡೆ ನೋಡಿದರು.

“ಯಾವಾಗ ಹೋದ್ಲು ಅವಳು?”

ಸಿಟ್ಟು ನೆತ್ತಿಗೇರಿತು. ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

“ಬಹಳ ದಿನ ಆಯ್ತು ಮಾವ. ಕೇಳಿ ಕೇಳಿ ಸಾಕಾಗಿ ಹೋದ್ಲು. ನಿಮಗೆ ಕಾಣ್ಲಿಲ್ಲ.”

ಅಷ್ಟರಲ್ಲಿ ಕೌಂಟರಿನ ಹಿಂದೆ ತೂಗುಹಾಕಿದ್ದ ನನ್ನ ಚೀಲದೊಳಗೆ ಮೊಬೈಲು ರಿಂಗಾಗತೊಡಗಿತು. ನಾನು ಅಲ್ಲಾಡಲಿಲ್ಲ. ಅದು ಬಡಕೊಳ್ಳುತ್ತಲೇ ಇತ್ತು.

“ಎತ್ತು” ಎಂದರು ಮಾವ. “ಇಲ್ಲ ಅಂತ ಇನ್ನೊಂದ್ ಸಲ ಹೇಳ್ಬೇಡ.”

ಎತ್ತಿ, ಹೌದು, ನಾನೇ ಮಾತಾಡುತ್ತಿದ್ದೇನೆ ಎಂದೆ. ಆ ಹೆಂಗಸು ಸಂದರ್ಶನದ ದಿನ ಹೇಳಲು ಶುರು ಮಾಡಿದಾಗ ಮಾವ ಸ್ಟೂಲಿನಿಂದ ಎದ್ದು ಒಳಕೋಣೆಗೆ ಹೋಗಿ ಯಂತ್ರ ಚಾಲೂ ಮಾಡಿದರು. ಅದರ ಕರ್ಕಶ ಸದ್ದಿನಲ್ಲಿ ತಾರೀಖೂ ಕೇಳಿಸಲಿಲ್ಲ, ಹೊತ್ತೂ ಕೇಳಿಸಲಿಲ್ಲ. ಇನ್ನೊಂದು ಕಿವಿ ಮುಚ್ಚಿಕೊಂಡು, ಮೇಡಂ ದಯವಿಟ್ಟು ಮತ್ತೆ ಹೇಳಿ ಎಂದು ಕೂಗಿದೆ. ಒಳಗೆ ಉಜ್ಜಬೇಕಾದ ಲೆನ್ಸು ಅವತ್ತು ಒಂದೂ ಇರಲಿಲ್ಲ.