ತಡವರಿಸುವ ಕೆಲಸ

ಬೆಳಗಿಂದ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿ ಹಾಕಿ ಸೊಂಟ ಬಿದ್ದುಹೋಗಿತ್ತು. ಆದರೂ ಇಸ್ತ್ರಿಯಕ್ಕ ಸೊಸೆಯನ್ನು ಕರೆದುಕೊಂಡು ದೊಡ್ಡವರ ಸಂಜೆಶಾಲೆಗೆ ಹೊರಟಳು. ಹೋಗದೆ ಉಂಟೆ? ಇವತ್ತು ಹೊರದೇಶದ ಸಂಸ್ಥೆಯವರು ಬರುತ್ತಾರೆ. ದೇಶದೇಶಗಳಲ್ಲಿ ಅಕ್ಷರ ಕಲಿಸಲು ದುಡ್ಡು ಕೊಡುವ ಪುಣ್ಯಾತ್ಮರು. ಅವರು ಬಂದಾಗಲೆಲ್ಲ ಎದ್ದು ನಿಂತು, ಈಗಷ್ಟೇ ಕಲಿತವಳ ಹಾಗೆ ತಡವರಿಸಿ ಓದುವ ಕೆಲಸ ಇವಳದು.

ತಡವರಿಸಬೇಕಂತೆ! ದಪ್ಪ ದಪ್ಪ ಕಾದಂಬರಿಗಳನ್ನು ನೀರು ಕುಡಿದಷ್ಟು ಸಲೀಸಾಗಿ ಓದುವವಳು. ಆದರೆ ಮೇಷ್ಟ್ರ ಲೆಕ್ಕಾಚಾರವೇ ಬೇರೆ. "ಸರಾಗವಾಗಿ ಓದಿದ್ರೆ ಇವಳಿಗೆ ಮೊದಲೇ ಬರ್ತಿತ್ತು ಅಂತಾರಮ್ಮ. ನೀವು ಎಡವಿದ್ರೇನೇ ಅವರ ಕಣ್ಣಲ್ಲಿ ನೀರು. ಹೊಸದಾಗಿ ಕಲಿಯೋರು ಹೆದರಿ ಬಾಯೇ ಬಿಡಲ್ಲ. ಶಾಲೆ ಉಳೀಬೇಕೋ ಬೇಡ್ವೋ?" ಉಳಿಯಬೇಕು. ಸೊಸೆ ಸೇರಿದ್ದು ಮೊನ್ನೆ ಮೊನ್ನೆ, ಅವಳ ಓದು ಅರ್ಧಕ್ಕೆ ನಿಲ್ಲಬಾರದು. ಬರುವವರೂ ಪ್ರತಿ ಸಲ ಹೊಸಬರು, ಯಾರಿಗೆ ಗೊತ್ತಾಗಬೇಕು?

ಈ ಸಲ ಬಂದವಳು ಬಿಳಿಕೂದಲಿನ ಹೆಂಗಸು, ಜೊತೆಗೊಬ್ಬ ದುಭಾಷಿ. ಇಸ್ತ್ರಿಯಕ್ಕ ಸಾಲಿನ ಕೆಳಗೆ ಬೆರಳಿಟ್ಟು, "ಮ... ಮನೆ... ಮನೆಯ ಮುಂ... ಮುಂದೆ..." ಎಂದಳು. ಹೆಂಗಸು ಹುಬ್ಬು ಗಂಟಿಕ್ಕಿ ದುಭಾಷಿಗೆ ಏನೋ ಹೇಳಿದಳು.

"ಇವರು ಹಿಂದೊಮ್ಮೆ ಬಂದಿದ್ರಂತೆ," ಎಂದ ದುಭಾಷಿ. "ಆಗಲೂ ನೀವು ಇದೇ ಪಾಠ, ಹೀಗೇ ಓದಿದ್ರಂತೆ. ಇಷ್ಟು ವರ್ಷ ಇಲ್ಲಿ ಕಲಿಸಿದ್ದಾದ್ರೂ ಏನು ಅಂತ ಕೇಳ್ತಿದಾರೆ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅಯ್ಯೋ ದೇವರೇ, ಅತ್ತ ದರಿ ಇತ್ತ ಪುಲಿ! ಚೆನ್ನಾಗಿ ಓದಿ ತೋರಿಸಿದರೆ ಮೇಷ್ಟ್ರು ಸುಳ್ಳುಗಾರ. ತೋರಿಸದಿದ್ದರೆ ಶಾಲೆಗೆ ಬೀಗ.

"ತಪ್ಪು ಶಾಲೇದಲ್ಲ ತಾಯಿ, ನನ್ನ ತಲೇದು," ಎಂದಳು ಇಸ್ತ್ರಿಯಕ್ಕ. ಅವಮಾನಕ್ಕೆ ಕಿವಿ ಬಿಸಿಯಾಗಿತ್ತು. "ಎಷ್ಟು ಹೇಳಿಕೊಟ್ರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನನ್ನ ಸೊಸೆ ಹತ್ರ ಓದಿಸಿ ನೋಡಿ, ಈಗ ಸೇರಿದೋಳು."

ಸೊಸೆ ಪುಸ್ತಕ ಹಿಡಿದು ಎದ್ದಳು. ದಿನಾ ಅಡುಗೆಮನೆಯಲ್ಲಿ ಅತ್ತೆಯೇ ಕೂರಿಸಿಕೊಂಡು ಓದಿಸಿದ್ದ ಪಾಠ. ನಿಜವಾಗಿಯೇ ಎಡವಿದಳು, ಬೆವರಿದಳು, ಅಂತೂ ಕೊನೆ ಮುಟ್ಟಿಸಿದಳು. ಹೆಂಗಸು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಶಾಲೆ ನಡೆಯಲಿ ಎಂದಳು. ಹೊರಡುವಾಗ ಇಸ್ತ್ರಿಯಕ್ಕನ ಭುಜ ಸವರಿ ಏನೋ ಅಂದಳು.

"ಧೈರ್ಯಗೆಡಬೇಡಿ, ನಿಮಗೂ ಒಂದಿನ ಬರುತ್ತೆ ಅಂತಿದಾರೆ," ಎಂದ ದುಭಾಷಿ.

ಮನೆಯ ದಾರಿಯಲ್ಲಿ ಇಸ್ತ್ರಿಯಕ್ಕನಿಗೆ ಅಳುವೂ ಬಂತು, ನಗುವೂ ಬಂತು. ಸದ್ಯ, ಬದುಕಿದೆ, ಇನ್ನು ಈ ವೇಷ ಸಾಕು ಅಂದುಕೊಂಡಳು. ಸೊಸೆ ಮಾತ್ರ ಪುಸ್ತಕ ಅವಚಿಕೊಂಡು ಹಿಂದೆ ಹಿಂದೆ ಬರುತ್ತಿದ್ದಳು.

"ಅತ್ತೆ," ಎಂದಳು ಕೊನೆಗೆ. "ಮೇಷ್ಟ್ರು ಕರೆದು ಹೇಳಿದ್ರು. ಮುಂದಿನ ಸಲ ಅವರು ಬರೋ ಹೊತ್ತಿಗೆ ನನಗೆಷ್ಟೇ ಚೆನ್ನಾಗಿ ಬಂದಿದ್ರೂ, ಇವತ್ತಿನ ಹಾಗೇ ಓದಬೇಕಂತೆ. ಪಾಠ ಮಾತ್ರ ಬೇರೆ ಕೊಡ್ತಾರಂತೆ."