ಕುಡುಕನೆಂದರೆ ಮರ್ಯಾದೆ

ಆ ಮನೆಯಲ್ಲಿ ಬೆಳಗಿನ ಕಾಫಿಗೂ ಮುಂಚೆ ಆಗಲೇಬೇಕಾದ ಕೆಲಸವೊಂದಿತ್ತು: ಕಿಟಕಿ ಮುಚ್ಚುವುದು. ಕ್ಷೌರದಂಗಡಿಯ ಅಣ್ಣತಮ್ಮಂದಿರಲ್ಲಿ ಕಿರಿಯವನು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಪಕ್ಕದ ಮನೆಯವರ ಕಣ್ಣಿಗೆ ಬಿದ್ದರೆ? ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಕದ್ದ ಒಡವೆಯನ್ನೂ ಯಾರೂ ಇಷ್ಟು ಬಚ್ಚಿಡುವುದಿಲ್ಲವಲ್ಲ ಎಂದು ಅವನ ಹೆಂಡತಿಗೆ ದಿನವೂ ಮೈ ಉರಿಯುತ್ತಿತ್ತು.

"ಮನೇಲಿ ಮದುವೆಗೆ ಬಂದಿರೋ ಹುಡುಗಿ ಇದ್ದಾಳೆ," ಎನ್ನುವರು ಅತ್ತೆ. ಹುಡುಗಿ ಎಂದರೆ ಭಾವನ ಮಗಳು. "ಮನೆತನದಲ್ಲೇ ಸಕ್ಕರೆ ಇದೆ ಅಂದ್ರೆ ಯಾರು ಬರ್ತಾರೆ?"

"ಅತ್ತೆ, ಸೂಜಿ ಆದ್ಮೇಲೆ ಅವರು ಹೊತ್ತಿಗೆ ಸರಿಯಾಗಿ ತಿನ್ಬೇಕು. ಇಲ್ದಿದ್ರೆ ಸಕ್ಕರೆ ಇಳಿದುಹೋಗುತ್ತೆ, ಜೀವಕ್ಕೇ ಅಪಾಯ."

"ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಇಳಿದ್ರೆ ಒಳ್ಳೇದೇ ಅಲ್ವೇನೆ?"

ಬೆವರು, ನಡುಕ, ಮಂಕು, ಕಾರಣವಿಲ್ಲದ ಸಿಟ್ಟು, ಇವು ಕಂಡ ತಕ್ಷಣ ಸಕ್ಕರೆ ಕೊಡಬೇಕೆಂದು ಅವಳು ಬೆರಳು ಮಡಚಿ ಮಡಚಿ ಹೇಳಿ ಸೋತಿದ್ದಳು. ಗಂಡನ ಜೇಬಿಗೆ ಅವಳು ಹಾಕಿ ಕಳಿಸಿದ ಸಕ್ಕರೆ ಪೊಟ್ಟಣವನ್ನು ಭಾವ ಕಸದ ಡಬ್ಬಕ್ಕೆ ಎಸೆಯುತ್ತಿದ್ದರು. ಗಿರಾಕಿಗಳು ಕೇಳಿದರೆ ಏನೆನ್ನುವುದು ಎಂಬುದೇ ಅವರ ಚಿಂತೆ.

ಆ ಭಾನುವಾರ ಅಂಗಡಿಯಲ್ಲಿ ನೂಕುನುಗ್ಗಲು. ಸೂಜಿ ಚುಚ್ಚಿಕೊಂಡ ತಮ್ಮನನ್ನು ಭಾವ ತಿಂಡಿಗೂ ಬಿಡದೆ ಎಳೆದುಕೊಂಡು ಹೋದರು. ಅವಳು ತಿಂಡಿಯ ಡಬ್ಬಿ ಹಿಡಿದು ಹಿಂದೆಯೇ ಓಡಿ, ಕೊಟ್ಟು ಬಂದಳು. ಮನಸ್ಸು ತಡೆಯದೆ ಮತ್ತೆ ಹೋಗಿ ನೋಡಿದರೆ ಕುರ್ಚಿಯ ಬಳಿ ಗಂಡನಿಲ್ಲ. ಡಬ್ಬಿ ಬೆಂಚಿನ ಕೆಳಗೆ ತುಂಬಿದ ಹಾಗೆಯೇ ಇದೆ.

"ಅವರೆಲ್ಲಿ ಭಾವ?"

ಭಾವ ಕತ್ತರಿ ನಿಲ್ಲಿಸಲಿಲ್ಲ. ಎಲ್ಲರಿಗೂ ಕೇಳುವಂತೆ ನಕ್ಕರು. "ಒಳಗೆ ಮಲಗ್ಸಿದ್ದೀನಿ. ಕೈ ನಡುಗ್ತಿತ್ತು, ಗಿರಾಕಿ ಮೇಲೆ ರೇಗಾಡ್ದ. ರಾತ್ರಿ ಸ್ವಲ್ಪ ಜಾಸ್ತಿ ಕುಡಿದಿದ್ದಾನೆ."

ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯ ಅವನು! ಒಳಕೋಣೆಯಲ್ಲಿ ಒದ್ದೆ ಟವೆಲುಗಳ ರಾಶಿಗೆ ಒರಗಿ ಕೂತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. ಕರೆದರೆ ಕಣ್ಣು ತೆರೆಯುತ್ತಾನೆ, ಮಾತು ತೊದಲುತ್ತದೆ. ಪಕ್ಕದ ಚಹಾದಂಗಡಿಗೆ ಓಡಿ ಸಕ್ಕರೆ ತಂದಳು, ಅರ್ಧ ಲೋಟ ನೀರಿಗೆ ನಾಲ್ಕು ಚಮಚ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ನುಂಗುವಷ್ಟು ಎಚ್ಚರವಿದ್ದದ್ದು ಪುಣ್ಯ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ, ಆಸ್ಪತ್ರೆಗೇ ಹೊತ್ತುಕೊಂಡು ಓಡಬೇಕಿತ್ತು. ಕಾಲು ಗಂಟೆಯ ಮೇಲೆ ಅವನು ಅವಳ ಗುರುತು ಹಿಡಿದ, "ಹಸಿವು" ಎಂದ. ಅವಳು ಡಬ್ಬಿ ಬಿಚ್ಚಿ ಮುಂದಿಟ್ಟಳು.

ಭಾವ ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು. "ಮೆಲ್ಲಗೆ ಮಾತಾಡು. ಕುಡಿದಿದ್ದಾನೆ ಅಂತ ಹೇಳಿ ಹೇಗೋ ಮರ್ಯಾದೆ ಉಳಿಸಿದ್ದೀನಿ."

"ಕುಡುಕ ಅಂದ್ರೆ ಮರ್ಯಾದೆ, ಕಾಯಿಲೆ ಅಂದ್ರೆ ಅವಮಾನ! ಇವರು ಸತ್ತಿದ್ರೆ ಏನ್ ಹೇಳ್ತಿದ್ರಿ ಭಾವ, ಕುಡಿದು ಸತ್ತ ಅಂತಲಾ?"

ಭಾವ ತಡೆಯುವ ಮೊದಲೇ ಅವಳು ಹೊರಗೆ ಬಂದು ಗಿರಾಕಿಗಳೆದುರು ನಿಂತಳು.

"ನನ್ನ ಗಂಡ ಕುಡಿದಿಲ್ಲ. ಅವರಿಗೆ ಶುಗರ್ ಇದೆ. ಬೆವರಿ, ನಡುಗಿ, ತೊದಲಿದ್ರೆ ಬೈಬೇಡಿ, ಸಕ್ಕರೆ ಕೊಡಿ. ಬೇರೆ ಅಂಗಡಿಗೆ ಹೋಗೋರು ಧಾರಾಳವಾಗಿ ಹೋಗಿ."

ಒಬ್ಬ ಎದ್ದೇ ಹೋದ. ಉಳಿದವರು ನೆಲ ನೋಡಿದರು. ಅರ್ಧ ಕ್ಷೌರದಲ್ಲೇ ಅವಳ ಗಂಡನ ಕುರ್ಚಿಯಲ್ಲಿ ಉಳಿದಿದ್ದ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಕೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಅವರು ಜೇಬಿಗೆ ಕೈ ಹಾಕಿ ಒಂದು ಹಿಡಿ ಪೆಪ್ಪರಮೆಂಟು ತೆಗೆದು ಅವಳತ್ತ ಚಾಚಿದರು.

"ನನಗೂ ಇದೆ ಕಣಮ್ಮ, ಒಂಬತ್ತು ವರ್ಷದಿಂದ," ಎಂದರು, ಅವಳಿಗಷ್ಟೇ ಕೇಳುವಂತೆ. "ಕೈ ನಡುಗಿದಾಗ್ಲೇ ನಂಗೆ ಗೊತ್ತಾಯ್ತು. ನಿಮಗೆ ಹೇಗೆ ಗೊತ್ತಾಯ್ತು ಅಂತ ಎಲ್ಲರೂ ಕೇಳ್ತಾರಲ್ಲ ಅಂತ ಸುಮ್ನೆ ಕೂತೆ."

ಅವಳಿಗೆ ಅಳುವೂ ಬಂತು, ಸಿಟ್ಟೂ ನೆತ್ತಿಗೇರಿತು.

"ಗಟ್ಟಿಯಾಗಿ ಹೇಳಿ ಮೇಷ್ಟ್ರೇ," ಎಂದಳು. "ಹೊರಗೆ ಕೂತಿರೋರಿಗೂ ಕೇಳಿಸ್ಲಿ."